ನೋಡುವವರ ಪಾಲು

ಶಿವನಸಮುದ್ರದಲ್ಲಿ ಗಗನಚುಕ್ಕಿ ನೋಡಿಕೊಂಡು ಮಳವಳ್ಳಿಗೆ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕುಳಿತಾಕೆಯ ಮಗ ಕುಸ್ತಿ ಆಡುವ ಹುಡುಗ. ಊದಿ ಗಟ್ಟಿಯಾದ ಅವನ ಕಿವಿಯನ್ನೇ ನಾನು ನೋಡುತ್ತಿದ್ದುದು ಆಕೆಗೆ ತಿಳಿಯಿತು. "ಗೆದ್ದಾಗ ಊರೇ ಹೊತ್ಕೊಂಡು ಕುಣೀತದೆ ಕಣಕ್ಕ. ರಾತ್ರಿ ಶಾಖ ಕೊಡೋಳು ಮಾತ್ರ ನಾನೊಬ್ಳೇ" ಎಂದಳು.

ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗ ನೆನಪಾಯಿತು. ವಿಜಯದಶಮಿಯಂದು ತಲೆ ಬೋಳಿಸಿಕೊಂಡ ಜೆಟ್ಟಿಗಳು ಬೆರಳಿಗೆ ಮೊನಚಾದ ವಜ್ರಮುಷ್ಟಿ ತೊಟ್ಟು ಸೆಣಸುತ್ತಾರೆ. ಒಬ್ಬನ ತಲೆಯಿಂದ ರಕ್ತ ಬಂದೊಡನೆ ಕಾಳಗ ಮುಗಿಯಿತು. ಟೀವಿಯಲ್ಲಿ ತೋರಿಸುವ ಪಂಜರದ ಕಾಳಗದಲ್ಲಿ ಬಿದ್ದವನ ಮೇಲೂ ಗುದ್ದುತ್ತಾರಲ್ಲ, ಅದಕ್ಕಿಂತ ನಮ್ಮ ಈ ಕಟ್ಟುಪಾಡು ಎಷ್ಟೋ ಮೇಲು ಎಂದು ಮನೆಯಲ್ಲಿ ವಾದಿಸಿದವಳು ನಾನು. ಆದರೆ ಆ ಒಂದು ಹನಿಗಾಗಿಯೇ ಅಲ್ಲವೇ ನಾವೆಲ್ಲ ಕತ್ತು ಚಾಚಿ ಕಾಯುವುದು? ಜೆಟ್ಟಿಗೆ ಎದುರಾಳಿಯ ಮೇಲೆ ಹಗೆಯಿಲ್ಲ, ಅವನದು ವಂಶದ ವಿದ್ಯೆ. ಹನಿಯ ಹಂಬಲ ನಮ್ಮದು. ಹಾಗಾದರೆ ಆ ಗಾಯದಲ್ಲಿ ನಮ್ಮ ಪಾಲೆಷ್ಟು?

"ಕುಸ್ತಿ ಬಿಡಿಸಬಾರದೇನಮ್ಮ?" ಎಂದೆ.

"ಬಿಡ್ಸೋದ್ಯಾಕಕ್ಕ? ಸೋತು ಬಂದ ದಿನಾನೂ ಯಾರಾದ್ರೂ ಬಾಗ್ಲಿಗೆ ಬಂದ್ರೆ ಸಾಕು."

ಮಳವಳ್ಳಿ ಬಂತು. ಹುಡುಗ ತಾಯಿಯ ಚೀಲ ಹೆಗಲಿಗೇರಿಸಿಕೊಂಡು ಮೊದಲು ಇಳಿದ. ಆ ಕಿವಿಯನ್ನು ಮತ್ತೆ ನೋಡಲು ನನಗೆ ಸಂಕೋಚವಾಯಿತು.