ಇಂದಿನ ಚಿಂತನೆ: ಮೊದಲು ಬರೆದದ್ದು ಲೆಕ್ಕ



ಬಂಧುಗಳೇ, ಮನುಷ್ಯ ಮೊಟ್ಟಮೊದಲು ಬರೆದದ್ದು ಏನನ್ನು? ಹಾಡೋ ಕತೆಯೋ ಇರಬೇಕೆಂದು ಬಹಳ ಕಾಲ ನಂಬಿದ್ದೆ. ಕನ್ನಡ ಎಂ.ಎ. ಮಾಡಿದವರ ಹುಚ್ಚು ಇದು. ಇಂದಿನ ಇರಾಕ್‌ನಲ್ಲಿದ್ದ ಉರುಕ್ ನಗರದಲ್ಲಿ, 5,000 ವರ್ಷಗಳಿಗೂ ಹಿಂದೆ, ಹಸಿ ಜೇಡಿಮಣ್ಣಿನ ಮೇಲೆ ಜೊಂಡಿನ ಕಡ್ಡಿಯಿಂದ ಬರೆದದ್ದು ಹೆಚ್ಚಾಗಿ ಲೆಕ್ಕವನ್ನೇ: ಬಾರ್ಲಿ ಎಷ್ಟು, ಕುರಿ ಎಷ್ಟು, ಕೆಲಸದವರಿಗೆ ಅಳೆದುಕೊಟ್ಟ ಪಡಿ ಎಷ್ಟು. ತಲೆಯ ಪಕ್ಕ ಬಟ್ಟಲು ಬರೆದರೆ ಉಣ್ಣುವುದು. ಹೆಣ್ಣಿನ ಗುರುತಿಗೆ ಬೆಟ್ಟದ ಗುರುತು ಸೇರಿಸಿದರೆ ದಾಸಿ. ಬೆಟ್ಟದ ಸೀಮೆಯಿಂದ ಹಿಡಿದು ತಂದವಳು ಎಂದು ಅನೇಕ ವಿದ್ವಾಂಸರು ಅರ್ಥ ಮಾಡುತ್ತಾರೆ.

ಅದನ್ನು ಓದಿದಾಗ ನನ್ನಜ್ಜಿ ನೆನಪಾದಳು. ಊರ ಸಾಹುಕಾರರ ಸಾಲದ ಪುಸ್ತಕದಲ್ಲಿ ಅವಳದ್ದೂ ಒಂದು ಹೆಬ್ಬೆಟ್ಟಿನ ಗುರುತಿತ್ತು. ಪಕ್ಕದಲ್ಲಿ ಬರೆದ ಮೊತ್ತ ಎಷ್ಟೆಂದು ಅವಳಿಗೆ ಕೊನೆತನಕ ತಿಳಿಯಲಿಲ್ಲ. ದುಡಿದಷ್ಟೂ ಸಾಲ ತೀರಲಿಲ್ಲ.

ಹಾಗಾದರೆ ಅಕ್ಷರ ಹುಟ್ಟಿದ್ದೇ ನಮ್ಮಂಥವರನ್ನು ಎಣಿಸಿಡಲೆಂದೇ? ಇಲ್ಲ ಎಂದು ಸುಲಭವಾಗಿ ಹೇಳಲಾರೆ. ಆದರೆ ಆ ಮಣ್ಣಿನ ಹಲಗೆಗಳು ಇಲ್ಲದಿದ್ದರೆ ಉರುಕ್‌ನ ಆ ಹೆಂಗಸರು ಬದುಕಿದ್ದರೆಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ.

ನಮ್ಮ ಶಾಲೆಯ ಏಳನೇ ತರಗತಿಯವರಿಗೆ, ಅಮ್ಮನ ಸಂಘದ ಸಾಲದ ಪುಸ್ತಕವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ ಎಂದಿದ್ದೇನೆ. ಪಠ್ಯದಲ್ಲಿ ಅದಿಲ್ಲ.