ಮನ್ನಾ ಆದ ಬಾಕಿ ಯಾರದು?

2024ರ ಜೂನ್‌ನಲ್ಲಿ ಮನೆ ಸಾಲ ಕೇಳಲೆಂದು ನಾವು ಒಂದು ಬ್ಯಾಂಕಿನ ಮೆಟ್ಟಿಲು ಹತ್ತಿದೆವು. ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಬಾಡಿಗೆ ಮನೆಗಳಲ್ಲೇ ಹದಿನಾರು ವರ್ಷ ಕಳೆದಿದ್ದೆವು. ಮನೆ ಹುಡುಕುವಾಗ ಫೋನಿನಲ್ಲಿ ಹೆಸರು ಹೇಳಿದ ಕೂಡಲೇ ‘ಅಯ್ಯೋ, ನಿನ್ನೆ ತಾನೇ ಬೇರೆಯವರಿಗೆ ಕೊಟ್ಟುಬಿಟ್ವಿ’ ಎಂಬ ಉತ್ತರ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ನಮ್ಮದೇ ಎನ್ನುವ ಎರಡು ಕೋಣೆ ಇದ್ದರೆ ಸಾಕು ಎನಿಸಿತ್ತು. ಸಂಬಳದ ಚೀಟಿ, ಜಾಗದ ಕಾಗದಪತ್ರ ಎಲ್ಲವನ್ನೂ ಫೈಲಿನಲ್ಲಿ ಜೋಡಿಸಿಕೊಂಡು ಹೋಗಿದ್ದೆವು. ಅಧಿಕಾರಿ ಫೈಲು ತೆರೆಯಲಿಲ್ಲ. ಪ್ಯಾನ್ ಸಂಖ್ಯೆ ಪಡೆದು, ಕಂಪ್ಯೂಟರ್ ನೋಡಿ, ‘ಸಾರ್, ನಿಮ್ಮ ಸಿಬಿಲ್ ಸ್ಕೋರ್ 618 ಇದೆ. ಒಂದು ಕ್ರೆಡಿಟ್ ಕಾರ್ಡ್ ಸೆಟಲ್ಡ್ ಅಂತ ತೋರಿಸ್ತಿದೆ. ಈಗ ಕಷ್ಟ’ ಎಂದರು.

ಸೆಟಲ್ಡ್ ಎಂದರೆ ಇತ್ಯರ್ಥವಾಯಿತು ಎಂದಲ್ಲವೇ? ನಾವೂ ಹಾಗೆಯೇ ತಿಳಿದಿದ್ದೆವು.

2021ರ ಮೇ ತಿಂಗಳಲ್ಲಿ ಕೊರೋನಾದ ಎರಡನೇ ಅಲೆ. ಅಬ್ಬಾ ಆಸ್ಪತ್ರೆ ಸೇರಿದರು. ಕೈಯಲ್ಲಿದ್ದ ಹಣ ಮೂರೇ ದಿನಕ್ಕೆ ಮುಗಿಯಿತು. ಆಮೇಲೆ ಕಾರ್ಡನ್ನು ಉಜ್ಜುತ್ತ ಹೋದೆವು. ಅರವತ್ತು ಸಾವಿರ ಆಯಿತು. ಹನ್ನೊಂದನೆಯ ದಿನ ಅಬ್ಬಾ ತೀರಿಕೊಂಡರು. ಖಾಸಗಿ ಶಾಲೆಯ ಸಂಬಳ ಅರ್ಧಕ್ಕಿಳಿದಿದ್ದ ಕಾಲ. ಕಂತು ತಪ್ಪಿತು, ಬಡ್ಡಿ ಮತ್ತು ದಂಡ ಸೇರಿ ಅರವತ್ತು ಎಂಬತ್ತೆರಡಾಯಿತು. ವಸೂಲಿಯವನ ಫೋನು ನಮಾಜಿನ ಹೊತ್ತಿಗೂ ಬಿಡುತ್ತಿರಲಿಲ್ಲ. ಮರುವರ್ಷ ಅವನೇ ಹೇಳಿದ: ‘ಒಂದೇ ಸಲಕ್ಕೆ ಮೂವತ್ತೈದು ಸಾವಿರ ಕಟ್ಟಿ, ಮುಗಿಸಿಬಿಡೋಣ.’ ಕಟ್ಟಿದೆವು. ಪತ್ರ ಬಂತು. ಎರಡು ರಕಾತ್ ಶುಕ್ರಾನಾ ನಮಾಜು ಮಾಡಿ ಮಲಗಿದ ರಾತ್ರಿ ಇನ್ನೂ ನೆನಪಿದೆ. ಆ ಪತ್ರದಲ್ಲಿದ್ದ ಒಂದು ಪದ ಮೂರು ವರ್ಷ ದಾಟದ ಹಾಗೆಯೇ ನಮ್ಮ ಮನೆಯ ಬಾಗಿಲಿಗೆ ಅಡ್ಡ ನಿಲ್ಲುತ್ತದೆಂದು ಗೊತ್ತಿರಲಿಲ್ಲ.

ಈ ಅಂಕಿ 300ರಿಂದ 900ರವರೆಗೆ ಇರುತ್ತದೆ. 750 ದಾಟಿದರೆ ಬ್ಯಾಂಕಿನವರ ಮುಖ ಅರಳುತ್ತದೆ. ಸಿಬಿಲ್ ಎಂದು ನಾವು ಒಟ್ಟಿಗೆ ಕರೆಯುತ್ತೇವಾದರೂ ನಮ್ಮ ದೇಶದಲ್ಲಿ ಇಂಥ ಲೆಕ್ಕ ಇಡುವ ಕಂಪನಿಗಳು ನಾಲ್ಕು. ಅವಕ್ಕೊಂದು ಕಾನೂನು 2005ರಲ್ಲಿ ಆಯಿತು. ಸಾಲ ಕೊಟ್ಟವರು ಕಳಿಸಿದ ವಿವರವನ್ನು ಅವು ಕೂಡಿಸಿಡುತ್ತವೆ: ಎಷ್ಟು ಪಡೆದರು, ಎಷ್ಟು ದಿನ ತಡಮಾಡಿದರು, ಎಷ್ಟು ಕಡೆ ಸಾಲ ಕೇಳಿದರು. ಕೊಟ್ಟವರು ಒಂದಷ್ಟು ಬಿಟ್ಟುಕೊಟ್ಟು ಮುಗಿಸಿದ ಸಾಲಕ್ಕೆ ‘ಸೆಟಲ್ಡ್’ ಎನ್ನುತ್ತಾರೆ. ಪೂರ್ತಿ ತೀರಿದ ಸಾಲಕ್ಕೆ ‘ಕ್ಲೋಸ್ಡ್’ ಎಂಬ ಬೇರೆಯೇ ಪದ. ಯಾಕೆ ತಪ್ಪಿತು ಎಂಬುದಕ್ಕೆ ಆ ಅಂಕಿಯಲ್ಲಿ ಜಾಗವಿಲ್ಲ. ತಂದೆಯ ಆಸ್ಪತ್ರೆ ಬಿಲ್ಲು ಕಟ್ಟಿ ಕಂತು ತಪ್ಪಿಸಿದವನೂ ಜೂಜಾಡಿ ತಪ್ಪಿಸಿದವನೂ ಅಲ್ಲಿ ಒಂದೇ.

ಅಂದು ಮನೆಗೆ ಬಂದ ಮೇಲೆ ನೆನಪಾದದ್ದು ಶಿಡ್ಲಘಟ್ಟದ ಶೆಟ್ಟರ ಅಂಗಡಿ. ಅಬ್ಬಾ ಸಣ್ಣ ರೀಲರ್. ರೇಷ್ಮೆಗೂಡು ತಂದು ನೂಲು ತೆಗೆದು ಮಾರುವ ಬದುಕು. 2000ದ ಆಸುಪಾಸಿನಲ್ಲಿ ಚೀನಾದ ಅಗ್ಗದ ರೇಷ್ಮೆ ಬಂದು ನೂಲಿನ ದರ ಬಿದ್ದಾಗ ನಮ್ಮ ಬೀದಿಯಲ್ಲಿ ಎಷ್ಟೋ ಚರಕಗಳು ನಿಂತವು. ಶೆಟ್ಟರ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಸಾವಿರದ ನೂರ ನಲವತ್ತು ರೂಪಾಯಿ ನಿಂತಿತ್ತು. ದೀಪಾವಳಿಗೆ ಹೊಸ ಪುಸ್ತಕ ತೆರೆಯುವಾಗ ಶೆಟ್ಟರು ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ‘ಬಿಡಿ ಸಾಹೇಬ್ರೆ, ಹೋಯ್ತು. ಕಾಲ ಸರಿ ಇಲ್ಲ’ ಎಂದರಂತೆ. ಅಬ್ಬಾ ಎರಡು ವರ್ಷದಲ್ಲಿ ಐವತ್ತು, ನೂರು ಎಂದು ಆ ಹಣ ಪೂರ್ತಿ ಕೊಟ್ಟರು. ಅಷ್ಟು ಹೊತ್ತಿಗೆ ಹಳೆಯ ಪುಸ್ತಕ ಅಟ್ಟ ಸೇರಿತ್ತು. ಕೇಳುವವರು ಯಾರೂ ಇರಲಿಲ್ಲ. ಯಾಕೆ ಕೊಟ್ಟಿರಿ ಎಂದು ಕೇಳಿದ್ದಕ್ಕೆ, ‘ಬಿಟ್ಟದ್ದು ಅವರ ದೊಡ್ಡತನ. ಕೊಡೋದು ನಮ್ಮ ಕೆಲಸ’ ಎಂದಿದ್ದರು.

ಈ ಮಾತು ನಮ್ಮನ್ನು ಚುಚ್ಚಿತು. 2023ರ ಹೊತ್ತಿಗೆ ಸಂಬಳ ಸರಿಹೋಗಿತ್ತು. ಬ್ಯಾಂಕು ಬಿಟ್ಟುಕೊಟ್ಟ ನಲವತ್ತೇಳು ಸಾವಿರ ನಮ್ಮ ನೆನಪಿಗೂ ಬರಲಿಲ್ಲ. ಅಧಿಕಾರಿ ಅಂಕಿ ತೋರಿಸಿದ ದಿನವಷ್ಟೇ ಬಂತು. ಮನೆ ಬೇಕಾದಾಗ ಮಾತ್ರ ಎಚ್ಚರಗೊಳ್ಳುವ ಪ್ರಾಮಾಣಿಕತೆಗೆ ಏನು ಬೆಲೆ?

ನಮ್ಮ ಪರವಾಗಿಯೂ ವಾದವಿದೆ. ಶೆಟ್ಟರು ಬಿಟ್ಟಾಗ ಅಬ್ಬಾನ ಮಾನ ಉಳಿಸಿ ಬಿಟ್ಟರು. ಬ್ಯಾಂಕು ಮೊದಲು ಮಾನ ಕಳೆದು, ಆಮೇಲೆ ಬಿಟ್ಟು, ಬಿಟ್ಟದ್ದನ್ನು ಮತ್ತೆ ಊರಿಗೆಲ್ಲ ಸಾರಿತು. ಕೊಟ್ಟ ಕ್ಷಮೆಯನ್ನೇ ಕಳಂಕವೆಂದು ಬರೆದಿಡುವುದು ಕ್ಷಮೆ ಹೇಗಾದೀತು? ಆದರೂ ಇಷ್ಟಕ್ಕೆ ಮನಸ್ಸು ಒಪ್ಪಲಿಲ್ಲ. ಲೆಕ್ಕ ಹಾಕಿ ನೋಡಿದೆವು. ಆಸ್ಪತ್ರೆಗೆ ನಾವು ನಿಜವಾಗಿ ಖರ್ಚು ಮಾಡಿದ್ದು ಅರವತ್ತು, ಕಟ್ಟಿದ್ದು ಮೂವತ್ತೈದು. ಉಳಿದ ಇಪ್ಪತ್ತೈದು ಸಾವಿರ ಯಾರದೋ ಠೇವಣಿಯ ಹಣ. ಅದು ನಮ್ಮ ಮೇಲಿದ್ದ ಸಾಲವೇ. ಮಿಕ್ಕ ಇಪ್ಪತ್ತೆರಡು ಬಡ್ಡಿ ಮತ್ತು ದಂಡ. ಅದನ್ನು ಸಾಲವೆಂದು ನಮ್ಮ ಮನಸ್ಸು ಇಂದಿಗೂ ಒಪ್ಪಿಲ್ಲ. ಬಡ್ಡಿಯ ಮನೆ ಸಾಲ ಸರಿಯೇ ಎಂದು ಓದುಗರಲ್ಲಿ ಕೆಲವರು ಕೇಳಿಯಾರು. ನಮ್ಮ ಮನೆಯಲ್ಲೂ ಆ ವಾದ ನಡೆದಿದೆ, ಮುಗಿದಿಲ್ಲ.

ಕುರ್‌ಆನಿನ ಅತಿ ಉದ್ದದ ಆಯತ್ ಇರುವುದು ಸಾಲದ ಲೆಕ್ಕ ಬರೆದಿಡುವ ಬಗ್ಗೆ. ಬಕರಾ ಅಧ್ಯಾಯದ 282ನೆಯದು. ಅದಕ್ಕೆ ಎರಡೇ ಆಯತ್ ಮೊದಲು, 280ರಲ್ಲಿ, ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲ ಕೊಡಬೇಕೆಂದೂ ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದೆಂದೂ ಇದೆ. ಚಿಕ್ಕಂದಿನಲ್ಲಿ ಮದರಸಾದಲ್ಲಿ ಎರಡನ್ನೂ ಓದಿದ್ದೆವು. ಈಗ ಓದುವಾಗ ಕಣ್ಣಿಗೆ ಬಿದ್ದದ್ದು ಬೇರೆ: ಬರೆಯುವವನು ನ್ಯಾಯವಾಗಿ ಬರೆಯಬೇಕು, ಆದರೆ ಬರೆಸಬೇಕಾದವನು ಸಾಲ ಪಡೆದವನು. ಅವನು ಹೇಳಬೇಕು, ಇವನು ಬರೆಯಬೇಕು. ಇಂದಿನ ಲೆಕ್ಕದಲ್ಲಿ ಕೊಟ್ಟವರೇ ಹೇಳುತ್ತಾರೆ, ಕೊಟ್ಟವರೇ ಬರೆಸುತ್ತಾರೆ. ಪಡೆದವನಿಗೆ ತನ್ನ ಬಗ್ಗೆ ಏನು ಬರೆದಿದೆ ಎಂದು ಗೊತ್ತಾಗುವುದೇ ಬಾಗಿಲು ಮುಚ್ಚಿದ ಮೇಲೆ.

ಹಾಗೆಂದು ಶೆಟ್ಟರ ಪುಸ್ತಕದ ಕಾಲವೇ ಚಿನ್ನದ ಕಾಲ ಎನ್ನಲಾರೆವು. ಆ ಪುಸ್ತಕದಲ್ಲಿ ಹೆಸರು ಬರೆಸಲು ಶೆಟ್ಟರಿಗೆ ನಿಮ್ಮ ಪರಿಚಯವಿರಬೇಕಿತ್ತು. ಪರಿಚಯವಿಲ್ಲದ ಬೀದಿಯವರಿಗೆ ಉದ್ರಿ ಇರಲಿಲ್ಲ. ಬ್ಯಾಂಕುಗಳೂ ಅಷ್ಟೇ; ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಎಷ್ಟೋ ಪ್ರದೇಶಗಳನ್ನು ಸಾಲಕ್ಕೆ ತಕ್ಕುದಲ್ಲದ ವಲಯಗಳೆಂದು ಗುರುತಿಸಿಟ್ಟಿದ್ದವೆಂದು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿದೆ. ಆ ಅಂಕಿಗಾದರೋ ನಮ್ಮ ಹೆಸರು, ಮೊಹಲ್ಲಾ ಬೇಕಿಲ್ಲ. 618 ಎಂಬುದು ರಾಮಣ್ಣನದಾದರೂ 618, ರಹೀಮನದಾದರೂ 618. ಕರುಣೆಯಿಲ್ಲದ ಲೆಕ್ಕದಲ್ಲಿ ಆ ಒಂದು ಸಮಾನತೆ ಇದೆ. ಬಾಡಿಗೆ ಮನೆ ಹುಡುಕಿ ದಣಿದ ನಮಗೆ ಅದು ಸಣ್ಣ ಮಾತಲ್ಲ.

ಆಮೇಲೆ ಮಾಡಿದ್ದನ್ನು ಚಿಕ್ಕದಾಗಿ ಹೇಳುತ್ತೇವೆ; ಯಾರಿಗಾದರೂ ಉಪಯೋಗಕ್ಕೆ ಬರಲಿ. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ನಾಲ್ಕೂ ಕಂಪನಿಗಳು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ತರಿಸಿದೆವು. ಎಂದೋ ತೀರಿಸಿದ್ದ ಫ್ರಿಜ್ಜಿನ ಸಾಲವೊಂದು ಇನ್ನೂ ಬಾಕಿ ಎಂದಿತ್ತು. ರಸೀದಿ ಸಹಿತ ದೂರು ಕೊಟ್ಟೆವು, ಸರಿಹೋಯಿತು. ಇಂಥ ದೂರು ಮೂವತ್ತು ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಕಾರ್ಡಿನ ಬ್ಯಾಂಕಿಗೆ ನಲವತ್ತೇಳು ಸಾವಿರವನ್ನೂ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು, ‘ಸೆಟಲ್ಡ್’ ಇದ್ದದ್ದನ್ನು ‘ಕ್ಲೋಸ್ಡ್’ ಎಂದು ಬದಲಿಸಿಕೊಂಡೆವು. ತಡವಾದ ತಿಂಗಳುಗಳ ಗುರುತು ಹೋಗಲಿಲ್ಲ. ಇಪ್ಪತ್ತು ಸಾವಿರದ ಠೇವಣಿ ಇಟ್ಟು ಅದರ ಮೇಲೆ ಒಂದು ಕಾರ್ಡು ಪಡೆದು, ಮಿತಿಯ ಕಾಲು ಭಾಗ ದಾಟದಂತೆ ದಿನಸಿಗೆ ಬಳಸಿ, ಗಡುವಿಗೆ ಮೊದಲೇ ಪೂರ್ತಿ ಕಟ್ಟುತ್ತ ಬಂದೆವು. ಬೇರೆ ಬ್ಯಾಂಕುಗಳಲ್ಲಿ ಕೈಯೊಡ್ಡಲಿಲ್ಲ; ಅರ್ಜಿ ಹಾಕಿದಷ್ಟೂ ಅಂಕಿ ಇಳಿಯುತ್ತದೆ. ದುಡ್ಡು ಕೊಟ್ಟರೆ ತಿಂಗಳಲ್ಲಿ ಸ್ಕೋರು ಏರಿಸುತ್ತೇವೆಂದವರನ್ನು ದೂರವಿಟ್ಟೆವು.

ಆ ನಲವತ್ತೇಳು ಸಾವಿರದಲ್ಲಿ ಇಪ್ಪತ್ತೈದನ್ನು ಸಾಲವೆಂದು ಕೊಟ್ಟೆವು. ಇಪ್ಪತ್ತೆರಡನ್ನು ಮನೆಯ ಆಸೆಗೆ ತೆತ್ತ ಬೆಲೆಯೆಂದು ಕೊಟ್ಟೆವು. ಇಪ್ಪತ್ತೈದಾದರೂ ಅಬ್ಬಾ ಕೊಟ್ಟಂಥ ನಿಯ್ಯತ್ತಿನಿಂದ ಕೊಟ್ಟದ್ದೇ ಎಂದು ಕೇಳಿದರೆ, ಇಲ್ಲ. ಅಬ್ಬಾ ಕೊಟ್ಟಾಗ ನೋಡುವವರಿರಲಿಲ್ಲ. ನಾವು ಕೊಟ್ಟಾಗ ಅಂಕಿಯೊಂದು ನೋಡುತ್ತಿತ್ತು. ಆದರೂ ಕೊಟ್ಟ ಮೇಲೆ ಮನಸ್ಸು ಹಗುರಾದದ್ದು ನಿಜ, ಆ ಹಗುರಕ್ಕೆ ಅಂಕಿ ಕಾರಣವಲ್ಲ. ಮೊದಲು ಭಯದಿಂದ ಕಟ್ಟಿದ್ದು ನಿಧಾನವಾಗಿ ರೂಢಿಯಾಗಿ, ರೂಢಿಯೇ ಸ್ವಭಾವವಾಗುವುದೂ ಉಂಟಷ್ಟೆ.

ಉರ್ದುವಿನಲ್ಲಿ ಇದಕ್ಕೆ ‘ಸಾಖ್’ ಎನ್ನುತ್ತಾರೆ, ನಮ್ಮ ಸಾಕ್ಷಿ ಎಂಬ ಪದದ ನೆಂಟ. ಕನ್ನಡದಲ್ಲಿ ‘ಪತ್ತು’. ಎರಡೂ ಒಬ್ಬರ ಬಗ್ಗೆ ಇನ್ನೊಬ್ಬರು ಆಡುವ ಮಾತಿನ ಮೇಲೆ ನಿಂತಿವೆ. ಕಳೆದ ವರದಿಯಲ್ಲಿ ನಮ್ಮ ಅಂಕಿ 741. ಮತ್ತೆ ಅರ್ಜಿ ಹಾಕಲಿದ್ದೇವೆ. ಈ ಸಲ ಫೈಲಿನ ಮೊದಲಿಗೆ ಒಂದು ಪುಟದ ಪತ್ರ ಇಡಬೇಕೆಂದಿದ್ದೇವೆ: 2021ರ ಮೇ ತಿಂಗಳಲ್ಲಿ ಏನಾಯಿತು, ಎಷ್ಟು ಉಳಿಸಿಕೊಂಡೆವು, ಯಾವಾಗ ಕಟ್ಟಿದೆವು, ಯಾಕೆ ತಡವಾಯಿತು. ಅಂಥ ಪತ್ರಕ್ಕೆ ಅಲ್ಲಿ ಜಾಗವಿಲ್ಲವೆಂದು ಅಧಿಕಾರಿ ಹೇಳಬಹುದು. ಆದರೂ ಇಡುತ್ತೇವೆ. ಸಾಲ ನಮ್ಮದಾಗಿದ್ದಾಗ ಬರೆಸಬೇಕಾದವರು ನಾವೇ ಅಲ್ಲವೇ?