ಶಿಷ್ಯನ ಮೌನ ಮತ್ತು ಗುರುವಿನ ಸಿದ್ಧತೆ

ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿದರೆ ನ್ಯಾಯ ಸಲ್ಲಿಸಿದಂತಾಯಿತು ಎಂಬ ನಂಬಿಕೆ ಲೋಕದಲ್ಲಿ ಬಲವಾಗಿ ಬೇರೂರಿದೆ. ಪಂಕ್ತಿಯಲ್ಲಿ ಭೇದವೆಣಿಸದೆ ಬಡಿಸಿದವನನ್ನು ಪಕ್ಷಪಾತಿಯೆಂದು ಯಾರೂ ದೂರಲಾರರು. ಆದರೆ ಅದೇ ಪಂಕ್ತಿಯಲ್ಲಿ ಹಲ್ಲಿಲ್ಲದ ವೃದ್ಧನೊಬ್ಬನಿದ್ದು, ಅವನ ಎಲೆಗೂ ಹುರಿಗಡಲೆಯನ್ನೇ ಸುರಿದರೆ ಅದು ಆತಿಥ್ಯವಾದೀತೇ? ಸಮನಾಗಿ ಕೊಡುವುದು ಬೇರೆ. ಕೊಟ್ಟದ್ದು ಅವರವರಿಗೆ ದಕ್ಕುವಂತೆ ಮಾಡುವುದು ಬೇರೆ.

ವಿದ್ಯೆಯ ವಿಷಯದಲ್ಲಿ ಈ ಪ್ರಶ್ನೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಎದುರಿಸಬೇಕಾಯಿತು. ಸಾನ್ ಫ್ರಾನ್ಸಿಸ್ಕೋ ನಗರದ ಸಾರ್ವಜನಿಕ ಶಾಲೆಗಳಲ್ಲಿ ಚೀನೀ ಮನೆಮಾತಿನ, ಇಂಗ್ಲಿಷ್ ಬಾರದ ಸುಮಾರು 1,800 ಮಕ್ಕಳು ಯಾವ ವಿಶೇಷ ನೆರವೂ ಇಲ್ಲದೆ ಕುಳಿತಿದ್ದರು. ಅವರಿಗೂ ಇತರರಿಗೂ ಪಠ್ಯಪುಸ್ತಕ ಒಂದೇ, ಪಾಠವೂ ಒಂದೇ. ಲೌ ಮತ್ತು ನಿಕೊಲ್ಸ್ ಮೊಕದ್ದಮೆಯಲ್ಲಿ ನ್ಯಾಯಾಲಯವು, ಅರ್ಥವಾಗದ ಭಾಷೆಯಲ್ಲಿ ಒಂದೇ ಪಾಠವನ್ನು ಒದಗಿಸಿದ ಮಾತ್ರಕ್ಕೆ ಸಮಾನತೆ ಸಿದ್ಧಿಸುವುದಿಲ್ಲವೆಂದು ತೀರ್ಮಾನಿಸಿತು. ಆದರೆ ಪರಿಹಾರದ ಮಾರ್ಗ ಯಾವುದೆಂಬುದನ್ನು ಅದು ವಿಧಿಸಲಿಲ್ಲ.

ತರಗತಿಯಲ್ಲಿ ಮೌನವಾಗಿ ಕುಳಿತ ಮಗುವಿನ ಮೌನಕ್ಕೆ ಅರ್ಥ ಹೇಳುವವರು ಯಾರು? ಅಧ್ಯಾಪಕರೇ ತಾನೆ. ಅವರು ತಪ್ಪಾಗಿ ಅರ್ಥೈಸಿದರೆ ದಂಡ ತೆರುವುದು ಮಗು. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷಿನಲ್ಲಿ ನಡೆಸಿದ ಬುದ್ಧಿಪರೀಕ್ಷೆಯ ಆಧಾರದ ಮೇಲೆ ಮಂದಬುದ್ಧಿಯವರ ತರಗತಿಗೆ ಸೇರಿಸಲಾಗಿತ್ತು. ಒಂಬತ್ತು ಮಕ್ಕಳ ಪರವಾಗಿ ಹೂಡಿದ ದಾವೆ 1970ರಲ್ಲಿ ಒಪ್ಪಂದದಲ್ಲಿ ಮುಗಿದು, ಇಂತಹ ಮಕ್ಕಳನ್ನು ಅವರ ಮನೆಮಾತಿನಲ್ಲಿಯೂ ಪರೀಕ್ಷಿಸಬೇಕೆಂದು ನಿಶ್ಚಯವಾಯಿತು. ಅಲ್ಲಿ ಕೊರತೆಯಿದ್ದುದು ಮಗುವಿನ ಬುದ್ಧಿಯಲ್ಲಲ್ಲ, ಅಳೆಯುವವರ ಅರಿವಿನಲ್ಲಿ.

ಇದಕ್ಕಿಂತ ಸೂಕ್ಷ್ಮವಾದ ಪ್ರಮಾದವೊಂದುಂಟು. ಹೊಸ ಭಾಷೆಯಲ್ಲಿ ಗೆಳೆಯರೊಡನೆ ಹರಟುವ ಶಕ್ತಿ ಒಂದೆರಡು ವರ್ಷಗಳಲ್ಲಿ ಬಂದೀತು. ಆದರೆ ಪುಸ್ತಕದ ಭಾಷೆ, ತರ್ಕದ ಭಾಷೆ ವಶವಾಗಲು ಐದರಿಂದ ಏಳು ವರ್ಷಗಳೇ ಬೇಕಾಗಬಹುದೆಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ತೋರಿಸಿಕೊಟ್ಟರು. ಈ ಭೇದವನ್ನರಿಯದ ಅಧ್ಯಾಪಕರು, ಆಟದ ಬಯಲಿನಲ್ಲಿ ಚುರುಕಾಗಿ ಮಾತಾಡುವ ಮಗು ಲೆಕ್ಕದ ಸಮಸ್ಯೆಯ ಮುಂದೆ ತಡವರಿಸಿದರೆ ಅದನ್ನು ಸೋಮಾರಿಯೆಂದು ಬಗೆಯುವುದು ಸಹಜ. ಅವರಲ್ಲಿ ದ್ವೇಷವಿಲ್ಲ, ಆದರೂ ಅನ್ಯಾಯ ನಡೆದುಹೋಗುತ್ತದೆ.

ಸದುದ್ದೇಶವೊಂದೇ ಸಾಲದೆಂಬುದಕ್ಕೆ ಟೆಕ್ಸಾಸ್ ರಾಜ್ಯದ ರೇಮಂಡ್‌ವಿಲ್ ಶಾಲೆಗಳ ಉದಾಹರಣೆಯಿದೆ. ಅಲ್ಲಿ ದ್ವಿಭಾಷಾ ಬೋಧನೆಯ ಯೋಜನೆಯಿತ್ತು. ಆದರೆ ಕೆಲವು ಅಧ್ಯಾಪಕರಿಗೆ ದೊರೆತ ತರಬೇತಿ 100 ಗಂಟೆಗಳದು. ಅದರಲ್ಲಿ ಕಲಿಸಿದ ಸ್ಪ್ಯಾನಿಷ್ ಪದಸಂಪತ್ತು ಕೇವಲ 700 ಪದಗಳು. 1981ರ ಕಾಸ್ಟನೇಡಾ ಮತ್ತು ಪಿಕಾರ್ಡ್ ತೀರ್ಪಿನಲ್ಲಿ ಮೇಲ್ಮನವಿ ನ್ಯಾಯಾಲಯವು ಮೂರು ಒರೆಗಲ್ಲುಗಳನ್ನು ಮುಂದಿಟ್ಟಿತು: ಯೋಜನೆಯು ಸರಿಯಾದ ಶಿಕ್ಷಣ ತತ್ತ್ವವನ್ನು ಆಧರಿಸಿರಬೇಕು, ಅದನ್ನು ನೆರವೇರಿಸಲು ತಕ್ಕ ಸಾಧನಗಳೂ ಸಮರ್ಥ ಸಿಬ್ಬಂದಿಯೂ ಇರಬೇಕು, ಫಲವನ್ನು ಪರಿಶೀಲಿಸಿ ತಿದ್ದಿಕೊಳ್ಳಬೇಕು. ಕಾಗದದ ಮೇಲಿನ ಕರುಣೆಯನ್ನು ತರಗತಿಗೆ ತಲುಪಿಸುವವರು ಅಧ್ಯಾಪಕರೆಂಬ ಸತ್ಯ ಇಲ್ಲಿ ಮಾನ್ಯವಾಯಿತು.

ಮಾಧ್ಯಮದ ವಿವಾದ ಮಾತ್ರ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯದ ಮತದಾರರು 1998ರಲ್ಲಿ ದ್ವಿಭಾಷಾ ಬೋಧನೆಯನ್ನು ಬಹುಮಟ್ಟಿಗೆ ನಿರ್ಬಂಧಿಸಿ, 2016ರಲ್ಲಿ ಆ ನಿರ್ಬಂಧವನ್ನು ತೆರವುಗೊಳಿಸಿದರು. ಬೇಗನೆ ಇಂಗ್ಲಿಷ್ ಕಲಿತರೆ ಮಕ್ಕಳಿಗೇ ಶ್ರೇಯಸ್ಸೆಂದು ನಂಬಿದವರ ಕಾಳಜಿಯನ್ನು ಹುಸಿಯೆನ್ನಲಾಗದು. ಆದರೆ ಮಾರ್ಗ ಯಾವುದೇ ಇರಲಿ, ಅದರಲ್ಲಿ ನಡೆಸಬೇಕಾದ ಗುರುವಿಗೆ ದಾರಿ ತಿಳಿದಿರಬೇಕಷ್ಟೆ. ಫ್ಲಾರಿಡಾ ರಾಜ್ಯದಲ್ಲಿ 1990ರ ಒಪ್ಪಂದವು ಭಾಷಾಧ್ಯಾಪಕರಿಗೆ 300 ಗಂಟೆಗಳ, ಗಣಿತ ವಿಜ್ಞಾನಗಳ ಅಧ್ಯಾಪಕರಿಗೂ 60 ಗಂಟೆಗಳ ತರಬೇತಿಯನ್ನು ವಿಧಿಸಿತು. ಭಾಷೆಯ ಹೊಣೆ ಭಾಷಾಧ್ಯಾಪಕರೊಬ್ಬರದೇ ಅಲ್ಲವೆಂಬ ವಿವೇಕ ಅದರಲ್ಲಿದೆ. ಆದರೆ ಗಂಟೆಗಳ ಎಣಿಕೆಯೇ ಅರಿವಾಗದು. ರೇಮಂಡ್‌ವಿಲ್‌ನಲ್ಲಿಯೂ ಗಂಟೆಗಳು ತುಂಬಿದ್ದವು.

2021ರಲ್ಲಿ ಆ ದೇಶದ ಸಾರ್ವಜನಿಕ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಇಂತಹ ಮಕ್ಕಳ ಸಂಖ್ಯೆ ಸುಮಾರು 53 ಲಕ್ಷ. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು. ಅವರ ಮುಂದೆ ಸಿದ್ಧತೆಯಿಲ್ಲದ ಅಧ್ಯಾಪಕರನ್ನು ನಿಲ್ಲಿಸುವುದು ಇಬ್ಬರಿಗೂ ಎಸಗುವ ಅಪಚಾರ: ಮಗು ತನ್ನದಲ್ಲದ ತಪ್ಪಿಗೆ ದಡ್ಡನೆನಿಸುತ್ತದೆ, ಗುರು ತಾನರಿಯದೆಯೇ ಅನ್ಯಾಯಗಾರನಾಗುತ್ತಾನೆ. ಅಜ್ಞಾನ ಕ್ಷಮ್ಯವೆನ್ನುವವರುಂಟು. ಆದರೆ ನಿವಾರಿಸಬಹುದಾದ ಅಜ್ಞಾನವನ್ನು ಹಾಗೆಯೇ ಉಳಿಸಿಕೊಂಡು ಇನ್ನೊಬ್ಬರ ಭವಿಷ್ಯವನ್ನು ತೀರ್ಮಾನಿಸುವವರಿಗೆ, ಅಂಥವರನ್ನು ನೇಮಿಸುವ ಸಮಾಜಕ್ಕೆ ಆ ಕ್ಷಮೆ ಹೇಗೆ ಸಂದೀತು? ಮಗುವನ್ನು ಪರೀಕ್ಷಿಸುವ ಮುನ್ನ ತನ್ನನ್ನು ಪರೀಕ್ಷಿಸಿಕೊಳ್ಳುವುದೇ ಗುರುತ್ವದ ಮೊದಲ ಕರ್ತವ್ಯ.